ಕರ್ನಾಟಕವೇ ಫಸ್ಟ್ ಅಂತಲ್ಲ, ಹೌದೇನು?

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠವೂ ನನ್ನದೇ ಆದ್ದರಿಂದ ಪೇಪರಿನಲ್ಲಿ ಯಾವ ಅಂಕಿ ಬಂದರೂ ನೆಂಟರಿಷ್ಟರು ನನ್ನನ್ನೇ ಹಿಡಿಯುತ್ತಾರೆ. ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ: ‘ಬಾಲ್ಯವಿವಾಹದೊಳಗ ನಮ್ಮ ರಾಜ್ಯನೇ ದೇಶಕ್ಕ ಫಸ್ಟ್ ಅಂತಲ್ಲ, ಹೌದೇನವ್ವ?’

2021ರ ಪೊಲೀಸ್ ಲೆಕ್ಕ ನೋಡಿದರೆ ಹೌದಾಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ ಆ ವರ್ಷ ದೇಶದಲ್ಲಿ 1,050 ಪ್ರಕರಣ, ಅದರಲ್ಲಿ ನಮ್ಮವೇ 273. ಅದರ ಹಿಂದಿನ ವರ್ಷವೂ ನಾವೇ ಮೇಲೆ, 184.

ಆದರೆ ಇದು ಕೇಸುಗಳ ಎಣಿಕೆ, ಮದುವೆಗಳದ್ದಲ್ಲ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಬೇಕು, ಅಧಿಕಾರಿ ಬರಬೇಕು, ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಆಗ ಒಂದು ಸೇರುತ್ತದೆ. ಯಾರೂ ಬಾಯಿ ಬಿಡದ ಊರಿನ ಅಂಕಿ ಸೊನ್ನೆ. ಆ ಸೊನ್ನೆ ನನಗೆ 273ಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರ ದಾರಿ ಬೇರೆ. ಅವರು ಮನೆಗೇ ಹೋಗಿ 20ರಿಂದ 24ರ ಹೆಣ್ಣುಮಕ್ಕಳನ್ನು ಮದುವೆ ಯಾವ ವಯಸ್ಸಿಗೆ ಆಯಿತೆಂದು ಕೇಳುತ್ತಾರೆ. 2019-21ರ ಸುತ್ತಿನಲ್ಲಿ 18ಕ್ಕೆ ಮೊದಲೇ ಮದುವೆಯಾದವರು ಪಶ್ಚಿಮ ಬಂಗಾಳದಲ್ಲಿ ಶೇ 41.6, ಬಿಹಾರದಲ್ಲಿ 40.8. ಇಡೀ ದೇಶಕ್ಕೆ 23.3, ನಮಗೆ 21.3.

ಇಷ್ಟು ಹೇಳುವಷ್ಟರಲ್ಲಿ ಮಾವ ‘ಹಂಗಾದ್ರ ನಾವು ಅಡ್ಡಿಯಿಲ್ಲ ಬಿಡು’ ಎಂದು ಚಹಾದ ಬಟ್ಟಲು ಕೆಳಗಿಡುತ್ತಾರೆ. ಅಡ್ಡಿ ಇದೆ ಮಾವ. 2015-16ರಲ್ಲಿ ದೇಶ 26.8ರಲ್ಲಿತ್ತು, 23.3ಕ್ಕೆ ಇಳಿಯಿತು. ನಾವು 21.4ರಲ್ಲಿದ್ದವರು 21.3ಕ್ಕೆ ಬಂದೆವು, ಅಷ್ಟೇ. ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕಾನೂನಿಗೆ ತಿದ್ದುಪಡಿ ತಂದ ರಾಜ್ಯ ನಮ್ಮದು, 2017ರಲ್ಲಿ. ಕಾನೂನಿನ ಪರವಾಗಿಯೂ ಒಂದು ಮಾತು ಹೇಳಬೇಕು: 2020ರಲ್ಲಿ 24 ತುಂಬಿದವಳಿಗೆ 18 ಆದದ್ದು 2014ರಲ್ಲಿ. ಸಮೀಕ್ಷೆ ತೋರಿಸುವುದು ಒಂದಷ್ಟು ವರ್ಷದ ಹಿಂದಿನ ಚಿತ್ರವನ್ನು.

ಬೇಕಾದರೆ ಒಂದು ಒರಟು ಲೆಕ್ಕ ಮಾಡಿ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಹುಡುಗಿಯರಿಗೆ 18 ತುಂಬುತ್ತದೆ ಅನ್ನಿ. ಅದರಲ್ಲಿ ಅಷ್ಟರೊಳಗೇ ಮದುವೆಯಾದವರು ಐದನೇ ಒಂದು ಪಾಲು, 1 ಲಕ್ಷ. ಠಾಣೆಯ ಕಡತದಲ್ಲಿ 273.

ಕಡತಕ್ಕೆ ಬಾರದ ಒಬ್ಬಳು ನನ್ನ ತರಗತಿಯಲ್ಲೇ ಇದ್ದಳು. ಸಂಕ್ರಾಂತಿ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೀ ‘ಗೈ’, ‘ಗೈ’. ಮನೆಗೆ ಹೇಳಿಕಳಿಸಿದರೆ ಅಜ್ಜಿಗೆ ಆರಾಮಿಲ್ಲ, ದೊಡ್ಡಮ್ಮನ ಊರಿಗೆ ಹೋಗ್ಯಾಳ ಎಂಬ ಉತ್ತರ. ನಾನೂ ನಂಬಿದೆ, ನಂಬುವುದು ಸುಲಭವಾಗಿತ್ತು. ಹಾಲ್ ಟಿಕೆಟ್ ಕೊಡುವ ದಿನ ಬಂದಳು. ಮಾರ್ಚ್ ತಿಂಗಳ ಬಿಸಿಲು, ಉಳಿದ ಹುಡುಗಿಯರೆಲ್ಲ ಬರೀ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರೆ ಇವಳ ಕಾಲಿಗೆ ಕಾಲುಚೀಲ. ಸಹಿ ಹಾಕಲು ಬಗ್ಗಿದಾಗ ನೋಡಿದೆ, ಎರಡನೆಯ ಬೆರಳಿನ ಮೇಲೆ ಬಟ್ಟೆ ಉಬ್ಬಿತ್ತು. ಕಾಲುಂಗುರ.

‘ಪರೀಕ್ಷಾ ಬರ್‍ಯಾಕ ಅವರು ಹೂಂ ಅಂದಾರ್ರಿ ಟೀಚರ್’ ಅಂದಳು. ಅವರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಪರೀಕ್ಷೆಗೇ ಕಳಿಸದೆ ಹೋದರೆ ಎಂಬ ಭಯ ಒಂದು, ಅದೇ ಊರಲ್ಲಿ ದಿನಾ ಬಸ್ ಇಳಿದು ನಡೆಯಬೇಕಲ್ಲ ಎಂಬುದು ಇನ್ನೊಂದು. ಆ ವರ್ಷ ನಮ್ಮ ಊರಿನ ಲೆಕ್ಕ ಸೊನ್ನೆ. ಆ ಸೊನ್ನೆ ಬರೆದವರಲ್ಲಿ ನಾನೂ ಒಬ್ಬಳು.

ಆರೂ ಪೇಪರ್ ಬರೆದಳು. ಗಣಿತದಲ್ಲಿ 58.