ಮಂಗಳೂರಿನ ತಾರಸಿಗೆ ಸೋಲಾರ್: ಬಿಸಿಲಿಗಿಂತ ಉಪ್ಪಿನ ಚಿಂತೆ

ನಾಲ್ಕು ತಿಂಗಳು ಮಳೆ ಹೊಡೆಯುವ ಊರಲ್ಲಿ ಸೋಲಾರ್ ಯಾಕೆ ಎಂದು ಕೇಳುವವರು ಬಹಳ. ಲೆಕ್ಕವನ್ನು ಇಡೀ ವರ್ಷಕ್ಕೆ ಹಾಕಬೇಕು. ಒಂದು ಕಿಲೋವ್ಯಾಟಿಗೆ ಫೆಬ್ರವರಿ, ಮಾರ್ಚಿನಲ್ಲಿ ದಿನಕ್ಕೆ 4ರಿಂದ 5 ಯೂನಿಟ್ ಸಿಗುತ್ತದೆ. ಜುಲೈಯಲ್ಲಿ ಅದು 2ರಿಂದ 3ರ ಆಸುಪಾಸಿಗೆ ಇಳಿಯುತ್ತದೆ. 550 ವ್ಯಾಟಿನ 6 ಪ್ಯಾನೆಲ್, ಅಂದರೆ 3.3 ಕಿಲೋವ್ಯಾಟ್, ಕೂರಿಸಲು ಸುಮಾರು 300 ಚದರಡಿ ಸಾಕು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಿಂದ ಈಗಲೇ ಸೊನ್ನೆ ಬಿಲ್ಲು ಬರುತ್ತಿದ್ದರೆ ಹಾಕಿದ ಹಣ ಮರಳುವುದು ಕಷ್ಟ. ಎಸಿ ಓಡಿಸಿ ತಿಂಗಳಿಗೆ 200 ಯೂನಿಟ್ ದಾಟುವ ಮನೆಗೇ ಇದರ ನಿಜವಾದ ಲಾಭ.

ಕಡಲ ತೀರದಲ್ಲಿ ಮೊದಲು ಸೋಲುವುದು ಪ್ಯಾನೆಲ್ ಅಲ್ಲ, ಅದನ್ನು ಹೊತ್ತ ಕಬ್ಬಿಣ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಚಾನೆಲನ್ನು ತಾರಸಿಯ ಮೇಲೆ ಕತ್ತರಿಸಿ ತೂತು ಕೊರೆಯುತ್ತಾರೆ. ಆ ಅಂಚಿನಲ್ಲಿ ಸತುವಿನ ಲೇಪ ಹೋಗಿರುತ್ತದೆ, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿಂದಲೇ ಕೆಂಪು ನೀರು ಇಳಿಯತೊಡಗುತ್ತದೆ. ಹಾಗಾಗಿ ತೂತೆಲ್ಲ ಕೊರೆದ ಮೇಲೆಯೇ ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದುವುದು) ಮಾಡಿಸಿ, ಲೇಪ 80 ಮೈಕ್ರಾನ್ ಇರಲಿ. ನಟ್ಟು ಬೋಲ್ಟಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಹಠ ಹಿಡಿದು ಕೇಳಿ. ಅಲ್ಯೂಮಿನಿಯಂ ಕ್ಲಾಂಪು ಜಿಐಗೆ ತಾಗುವಲ್ಲಿ ನಡುವೆ ರಬ್ಬರ್ ಪ್ಯಾಡ್ ಬೇಕು, ಇಲ್ಲದಿದ್ದರೆ ಉಪ್ಪುನೀರು ಸೇರಿ ಬಿಳಿ ಪುಡಿ ಕಟ್ಟುತ್ತದೆ. ಪ್ಯಾನೆಲಿಗೆ ಐಇಸಿ 61701 ಉಪ್ಪುಗಾಳಿ ಪರೀಕ್ಷೆಯ ಪ್ರಮಾಣಪತ್ರ ಇದೆಯೇ ನೋಡಿ.

ಪ್ಯಾನೆಲಿನ ಓರೆ ದಕ್ಷಿಣಕ್ಕೆ 10ರಿಂದ 12 ಡಿಗ್ರಿ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ, ಹೆಚ್ಚು ಎತ್ತಿದರೆ ನಷ್ಟವೇ. ತೀರಾ ಚಪ್ಪಟೆಯಾಗಿಟ್ಟರೂ ಆಗದು. ಕೆಳಗಿನ ಫ್ರೇಮಿನ ಅಂಚಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಆ ಬೆರಳಗಲದ ಹಸಿರು ಪಟ್ಟಿ, ಪ್ಯಾನೆಲನ್ನು ಗಿಡ್ಡ ಅಂಚು ಕೆಳಗೆ ಬರುವಂತೆ ಉದ್ದಕ್ಕೆ ನಿಲ್ಲಿಸಿದ್ದರೆ, ಕೆಳಸಾಲಿನ ಸೆಲ್ಲುಗಳನ್ನೆಲ್ಲ ಮುಚ್ಚಿ ಉತ್ಪಾದನೆಯನ್ನೇ ಎಳೆದು ಹಾಕುತ್ತದೆ.

ತೆಂಗಿನ ಮಡಲಿನ ನೆರಳೂ ಹಾಗೆಯೇ: ಒಂದು ಗರಿ ಬಿದ್ದರೆ ಪ್ಯಾನೆಲಿನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಡಿಸೆಂಬರಿನಲ್ಲಿ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ತಾರಸಿ ಹತ್ತಿ ನೆರಳು ಎಲ್ಲಿ ಬೀಳುತ್ತದೆಂದು ಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ಜಾಗ ತೀರ್ಮಾನಿಸಿ.

ಬ್ಯಾಟರಿಯಿಲ್ಲದೆ ನೇರ ಕರೆಂಟ್ ಲೈನಿಗೆ ಸೇರಿಸಿದ ಆನ್-ಗ್ರಿಡ್ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ, ಎಷ್ಟೇ ಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸಲು ಇರುವ ಏರ್ಪಾಡು ಅದು. ಗಾಳಿಮಳೆಗೆ ಲೈನು ಪದೇ ಪದೇ ಹೋಗುವ ಕಡೆಯವರು ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನೇ ಯೋಚಿಸಲಿ.