ಬಿಲ್ಲೆಯ ಲೆಕ್ಕ ಕೊನೆಗೂ ಹಿಡಿತಕ್ಕೆ ಬಂತು

ತುಮಕೂರಿನ ಸೋಮೇಶ್ವರಪುರದ ನಮ್ಮ ವಸ್ತು ವಿನಿಮಯ ಕೂಟಕ್ಕೆ ಜಾಗ, ಕಪಾಟು, ಸ್ವಯಂಸೇವಕರು ಹೊಂದಿಕೆಯಾದ ಬಗೆಯನ್ನು ವಿವರಿಸುವುದಿಲ್ಲ. ಇಂಥ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಅದು ಗೊತ್ತಿರುವುದೇ. ನಮ್ಮನ್ನು ತಿಂಗಳುಗಟ್ಟಲೆ ಕಾಡಿದ್ದು ಬಿಲ್ಲೆಯ, ಅಂದರೆ ವಸ್ತು ಒಯ್ಯಲು ಹಣದ ಬದಲು ಕೊಡುವ ಟೋಕನ್ನಿನ, ಲೆಕ್ಕ.

ಕುಕ್ಕರ್ ತಂದವರಿಗೆ ಕುರ್ಚಿ ಬೇಕು, ಕುರ್ಚಿ ತಂದವರಿಗೆ ತೊಟ್ಟಿಲು ಬೇಕು, ತೊಟ್ಟಿಲು ತಂದವರಿಗೆ ಸದ್ಯಕ್ಕೆ ಏನೂ ಬೇಡ. ಆದ್ದರಿಂದ ವಸ್ತು ಒಪ್ಪಿಸಿದ ಕೂಡಲೇ ಅದರ ದರ್ಜೆಗೆ ತಕ್ಕಷ್ಟು ಬಿಲ್ಲೆ ಕೊಡುವ ಕ್ರಮದಿಂದ ಆರಂಭಿಸಿದೆವು. ಮಿಕ್ಸಿ, ಸೈಕಲ್, ಶಾಲೆಯ ಬ್ಯಾಗುಗಳು ಬಂದ ಗಳಿಗೆಯಲ್ಲೇ ಖಾಲಿಯಾದವು. ಗೃಹಪ್ರವೇಶದಲ್ಲಿ ಉಡುಗೊರೆಯಾಗಿ ಬಂದ ಗೋಡೆ ಗಡಿಯಾರಗಳು, ಮುಚ್ಚಳವಿಲ್ಲದ ಡಬ್ಬಿಗಳು, ಹಳೆಯ ಗೈಡುಗಳು ಕಪಾಟಿನಲ್ಲೇ ಉಳಿದವು. ಅವುಗಳಿಗೂ ಬಿಲ್ಲೆ ಕೊಟ್ಟಾಗಿತ್ತು. ಕೈಯಲ್ಲಿ ಬಿಲ್ಲೆಯಿದ್ದರೂ ಒಯ್ಯಲು ಯೋಗ್ಯವಾದುದೇನೂ ಇಲ್ಲವೆಂದು ಕಂಡಾಗ, ಒಳ್ಳೆಯ ವಸ್ತು ತರುತ್ತಿದ್ದವರೇ ಮೊದಲು ಬರುವುದನ್ನು ನಿಲ್ಲಿಸಿದರು.

ಇದಕ್ಕೆ ತದ್ವಿರುದ್ಧವಾದ ಸಂಕಟವನ್ನು ಅಮೆರಿಕದ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಪರಸ್ಪರರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕುಟುಂಬಗಳ ಕೂಟವೊಂದು ಅನುಭವಿಸಿದ್ದನ್ನು ಅದರ ಸದಸ್ಯರಾಗಿದ್ದ ಜೋನ್ ಮತ್ತು ರಿಚರ್ಡ್ ಸ್ವೀನಿ ದಂಪತಿ 1977ರಲ್ಲಿ ದಾಖಲಿಸಿದ್ದಾರೆ. ಅಲ್ಲಿ ಮಕ್ಕಳನ್ನು ನೋಡಿಕೊಂಡವರಿಗೆ ಕೊಡುವ ಕೂಪನ್ ಸಾಲದೆ, ಎಲ್ಲರೂ ಇದ್ದುದನ್ನು ಕೂಡಿಟ್ಟುಕೊಂಡು ವ್ಯವಹಾರವೇ ಕುಗ್ಗಿತು. ಹೆಚ್ಚು ಹಂಚಿದಾಗ ಚೇತರಿಸಿಕೊಂಡಿತು. ಮುಂದೆ ಕೂಪನ್ನೇ ಅತಿಯಾಯಿತು. ಅದನ್ನು ಓದಿದ ಮೇಲೆ, ಬಿಲ್ಲೆಗೂ ಒಯ್ಯಲು ಸಿಗುವ ವಸ್ತುವಿಗೂ ಸರಿದೂಗಬೇಕೆಂಬ ದಾರಿ ಹೊಳೆಯಿತು.

ಈಗ ವಸ್ತು ತಂದವರಿಗೆ ಚೀಟಿ ಮಾತ್ರ ಸಿಗುತ್ತದೆ. ಯಾರಾದರೂ ಆ ವಸ್ತುವನ್ನು ಒಯ್ದಾಗ ಅವರು ಕೊಟ್ಟ ಬಿಲ್ಲೆಗಳೇ ತಂದವರ ಕೈಸೇರುತ್ತವೆ. ಸೇರುವಾಗ ಪ್ರತಿ ಮನೆಗೂ ಮೂರು ಬಿಲ್ಲೆ ಕೊಡುವುದನ್ನು ಬಿಟ್ಟರೆ ಹೊಸ ಬಿಲ್ಲೆ ಹುಟ್ಟುವುದೇ ಇಲ್ಲ. ಯಾರೂ ಮುಟ್ಟದ ವಸ್ತುವಿನ ದರ ಪ್ರತಿ ಕೂಟಕ್ಕೂ ಒಂದು ಬಿಲ್ಲೆಯಷ್ಟು ಇಳಿಯುತ್ತದೆ. ಸೊನ್ನೆಗೆ ಇಳಿದ ಮೇಲೂ ಉಳಿದರೆ ತಂದವರು ಮರಳಿ ಒಯ್ಯಬೇಕು. ಕಳೆದ ಕೂಟದಲ್ಲಿ ಎರಡು ಗಡಿಯಾರಗಳು ಸೊನ್ನೆ ದರಕ್ಕೆ ಹೋದವು, ಒಳ್ಳೆಯ ಹೊಲಿಗೆ ಯಂತ್ರವೊಂದು ಬಂತು. ಅದನ್ನು ಕಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಬಿಲ್ಲೆ ಮಾಡಿಕೊಟ್ಟ ಅಂಗಡಿಯವರ ಮೇಲೆ ಮಾತ್ರ ಬೇಸರ ಉಳಿದಿದೆ. ಅಂಚು ನಯಗೊಳಿಸಿಕೊಡಿ ಎಂದು ಬರೆದುಕೊಟ್ಟಿದ್ದರೂ ಚೂಪಾಗಿಯೇ ಕಳುಹಿಸಿದರು. ಮಕ್ಕಳೂ ಮುಟ್ಟುವ ವಸ್ತುವಾದ್ದರಿಂದ ಒಂದೊಂದನ್ನೂ ನಾವೇ ಉಜ್ಜಬೇಕಾಯಿತು.

ಮುಂದಿನ ಯೋಜನೆ ಸ್ಟೀಲ್ ತಟ್ಟೆಗಳ ಬ್ಯಾಂಕ್. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳು ದೇಶದಾದ್ಯಂತ ನಿಷಿದ್ಧವಾಗಿದ್ದರೂ ಬಡಾವಣೆಯ ನಾಮಕರಣ, ಸೀಮಂತಗಳಿಗೆ ನೂರು ತಟ್ಟೆ ಒಟ್ಟಿಗೆ ಎರವಲು ಸಿಗುವ ಕಡೆ ಇಲ್ಲ. ಆದರೆ ಅಲ್ಲಿ ವಸ್ತು ಮರಳಿ ಬರಲೇಬೇಕಾದ್ದರಿಂದ ಬಿಲ್ಲೆ ನಡೆಯದು, ಠೇವಣಿಯೇ ಬೇಕು. ಅದಕ್ಕೂ ಮೊದಲು, ಮೂರು ಬಿಲ್ಲೆಯನ್ನೂ ಖರ್ಚುಮಾಡಿ ಏನನ್ನೂ ತಾರದ ಮನೆಗಳ ವಿಷಯವನ್ನು ಇತ್ಯರ್ಥಗೊಳಿಸಬೇಕಿದೆ. ವರ್ಷಕ್ಕೊಮ್ಮೆ ಒಂದು ವಸ್ತುವನ್ನಾದರೂ ತಂದವರ ಸದಸ್ಯತ್ವವನ್ನಷ್ಟೇ ಮುಂದುವರಿಸಬೇಕೆಂಬುದು ನನ್ನ ಅಭಿಪ್ರಾಯ.