‘ಬಿಳಿಸೆರಗಿಗೆ ಒಂದು ಮಾತ್ರೆ ಹೇಳಿ’

ದಾವಣಗೆರೆಯಲ್ಲಿ ನನಗೊಂದು ಔಷಧದ ಅಂಗಡಿ ಇದೆ ಎಂದು ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲಿಯೂ ಯಾರಾದರೂ ಕಿವಿಯ ಬಳಿ ಬಗ್ಗಿ ಕೇಳುತ್ತಾರೆ: ‘ಅಕ್ಕ, ನನಗಲ್ಲ, ನಾದಿನಿಗೆ. ಬಿಳಿಸೆರಗಿಗೆ ಒಂದು ಮಾತ್ರೆ ಹೇಳಿ.’ ಯಾವ ನಾದಿನಿಗೂ ಹಾಗೆ ಹೇಳಲು ಆಗುವುದಿಲ್ಲ. ಎಲ್ಲಕ್ಕೂ ಆಗುವ ಒಂದು ಮಾತ್ರೆ ಇಲ್ಲ.

ಬಿಳಿ ಹೋಗುವುದೆಲ್ಲ ರೋಗವೂ ಅಲ್ಲ. ಎರಡು ಮುಟ್ಟಿನ ನಡುವೆ ತಿಳಿಯಾದ ಲೋಳೆ ಹೋಗುವುದು ಸಹಜ. ಬಸುರಿಯರಿಗೆ ಇನ್ನಷ್ಟು ಹೆಚ್ಚು. ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಸುಮ್ಮನಿರಿ. ಒಡೆದ ಮೊಸರಿನಂತೆ ಗಟ್ಟಿಯಾಗಿ ಹೋಗಿ, ಕೂರಲು ಬಿಡದಷ್ಟು ತುರಿಸಿದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ. ಬೂದು ಬಣ್ಣದಲ್ಲಿ ನೀರಾಗಿ ಹೋಗಿ ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾಗಳ ಏರುಪೇರು. ಹಳದಿ ಅಥವಾ ಹಸಿರು, ನೊರೆ, ಉರಿ ಇದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರೋಪಜೀವಿ ಇರಬಹುದು. ಮೊದಲನೆಯದಕ್ಕೆ ಕ್ಲೋಟ್ರಿಮಜೋಲ್ ಅಥವಾ ಫ್ಲುಕೊನಜೋಲ್, ಉಳಿದೆರಡಕ್ಕೆ ಮೆಟ್ರೊನಿಡಜೋಲ್. ಆದರೆ ಲಕ್ಷಣಗಳು ಒಂದರೊಳಗೊಂದು ಬೆರೆತಿರುತ್ತವೆ. ವೈದ್ಯರು ನೋಡದೆ, ಸ್ರಾವವನ್ನು ಪರೀಕ್ಷಿಸದೆ ಮಾತ್ರೆ ನುಂಗುವುದು ಕುರುಡು ಕೆಲಸ. ಬಸುರಿಯರಂತೂ ಫ್ಲುಕೊನಜೋಲ್ ಮುಟ್ಟಲೇಬಾರದು.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬಾಕೆ ಸೆರಗಿನ ಗಂಟು ಬಿಚ್ಚಿ ಖಾಲಿ ಮಾತ್ರೆ ಹಾಳೆಯೊಂದನ್ನು ನನ್ನ ಮುಂದಿಟ್ಟಿದ್ದು ನೆನಪಾಗುತ್ತದೆ. ಪಕ್ಕದ ಮನೆಯವಳು ನುಂಗಿದ ಫ್ಲುಕೊನಜೋಲ್. ‘ಇದನ್ನೇ ಕೊಡಿ’ ಎಂದಳು. ವಿಚಾರಿಸಿದರೆ ತುರಿಕೆ ಇಲ್ಲ, ವಾಸನೆ ವಿಪರೀತ. ಅತ್ತೆ ಉಷ್ಣವೆಂದು ಎಳನೀರು ಕುಡಿಸಿದ್ದರು. ಇವಳು ವಾಸನೆಗೆ ನಾಚಿ ಸೋಪು ಹಾಕಿ ಒಳಗೆಲ್ಲ ತೊಳೆಯುತ್ತಿದ್ದಳು. ಎಳನೀರಿನಿಂದ ಕೆಡುಕೇನೂ ಇಲ್ಲ, ಕೆಡಿಸಿದ್ದು ಸೋಪು. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ಆಮ್ಲ ತಯಾರಿಸಿ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 4.5 ಮೀರದಂತೆ ಕಾಯುತ್ತವೆ. ಹಾಗೆ ತೊಳೆದರೆ ಕಾವಲಿನವರನ್ನೇ ಹೊರಗಟ್ಟಿದಂತೆ. ಹೊರಗೆ ಬರೀ ನೀರು ಸಾಕು. ಅವಳನ್ನು ಜಿಲ್ಲಾಸ್ಪತ್ರೆಯಲ್ಲಿ ಇಂಥ ಸೋಂಕುಗಳನ್ನೇ ನೋಡುವ ಸುರಕ್ಷಾ ಕ್ಲಿನಿಕ್‌ಗೆ ಕಳುಹಿಸಿದೆ. ಅಲ್ಲಿ ತಪಾಸಣೆಯೂ ಉಚಿತ, ಔಷಧವೂ ಉಚಿತ.

ಮಾತ್ರೆಯ ಹೆಸರು ಕೇಳುವ ಬದಲು ‘ಮತ್ತೆ ಮತ್ತೆ ಏಕೆ ಬರುತ್ತದೆ?’ ಎಂದು ಕೇಳಬಾರದೇ? ಕ್ಯಾಂಡಿಡಾ ಪದೇ ಪದೇ ಕಾಡಿದರೆ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಬರೆದುಕೊಟ್ಟ ಏಳು ದಿನದ ಮಾತ್ರೆಯನ್ನು, ವಾಸನೆ ನಿಂತಿತೆಂದು ಮೂರನೆಯ ದಿನಕ್ಕೆ ಬಿಡಬಾರದು. ಕಿಬ್ಬೊಟ್ಟೆ ನೋವು, ಜ್ವರ, ವಯಸ್ಸಾಗಿ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ನನ್ನ ಅಂಗಡಿಗೆ ಬರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದನ್ನು ಯಾರೂ ಕೇಳಿಲ್ಲ: ‘ಗಂಡನಿಗೂ ಔಷಧ ಬೇಕೇ?’ ಟ್ರೈಕೊಮೊನಾಸ್ ಆದರೆ ಬೇಕೇ ಬೇಕು, ಇಬ್ಬರಿಗೂ ಒಟ್ಟಿಗೆ. ಗಂಡಸರಲ್ಲಿ ಎಷ್ಟೋ ಸಲ ಒಂದು ಲಕ್ಷಣವೂ ಕಾಣುವುದಿಲ್ಲ. ಹೆಂಡತಿ ಒಬ್ಬಳೇ ನುಂಗಿ ಗುಣವಾಗಿ, ಅವನಿಂದ ಮತ್ತೆ ಅಂಟಿಸಿಕೊಂಡು, ಮಾತನ್ನೂ ಅವಳೇ ಕೇಳುತ್ತಾಳೆ. ಹೇಳಲು ನಿಮಗೆ ಬಾಯಿ ಬಾರದಿದ್ದರೆ ವೈದ್ಯರ ಚೀಟಿ ಕೊಟ್ಟು ಅವನನ್ನು ಅಂಗಡಿಗೆ ಕಳುಹಿಸಿ. ನಾನು ಹೇಳುತ್ತೇನೆ.